ಸಾಲಿಸಿಟರ್‌ಗಳೇ ವಾದ ಮಾಡಿದರೆ ಬ್ಯಾರಿಸ್ಟರ್‌ಗೆ ಏನು ಉಳಿಯಿತು?

ಪ್ರಶ್ನೆ: ನನ್ನ ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲ್‌ಎಲ್‌ಬಿ ಎರಡನೇ ವರ್ಷ ಓದುತ್ತಿದ್ದಾಳೆ. ಕ್ರಿಮಿನಲ್ ಬ್ಯಾರಿಸ್ಟರ್ ಆಗಬೇಕು, ಆರೋಪಿಗಳ ಪರ ನಿಲ್ಲಬೇಕು ಅಂತ ಹಠ. ಅಲ್ಲೇ ಇರುವ ನನ್ನ ಭಾವಮೈದ ಬೇಡವೇ ಬೇಡ ಅನ್ನುತ್ತಾನೆ. ‘ಈಗ ಸಾಲಿಸಿಟರ್‌ಗಳೇ ಕೋರ್ಟಿನಲ್ಲಿ ವಾದ ಮಾಡ್ತಾರೆ, ಬ್ಯಾರಿಸ್ಟರ್‌ಗಳು ಹೊಟ್ಟೆಗಿಲ್ಲದೆ 2022ರಲ್ಲಿ ಮುಷ್ಕರ ಮಾಡಿದ್ರು’ ಅನ್ನುವುದು ಅವನ ಮಾತು. ನಾನು ದಾವಣಗೆರೆಯಲ್ಲಿ ವಕೀಲ. ಇಲ್ಲಿ ವಕಾಲತ್ತು ಹಾಕಿದವರೇ ವಾದ ಮಾಡುತ್ತೇವೆ, ಅದರಲ್ಲಿ ಜಗಳವೇ ಇಲ್ಲ. ಅಲ್ಲಿ ಏನು ಸಮಸ್ಯೆ? ಮಗಳಿಗೆ ಏನು ಹೇಳಲಿ?

ಉತ್ತರ: ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ ವಕೀಲರೇ. ನಾನು ಸಾಲಿಸಿಟರ್ ಪಾಳಯದವನು. ಧಾರವಾಡದಲ್ಲಿ ಕೆಲವು ವರ್ಷ ಕರಿಕೋಟು ಹಾಕಿದೆ. ಆಮೇಲೆ ಇಂಗ್ಲೆಂಡಿಗೆ ಬಂದು ಇಲ್ಲಿಯ ಪರೀಕ್ಷೆ ಬರೆದು, ಈಗ ಕ್ರಿಮಿನಲ್ ಡಿಫೆನ್ಸ್ ಮಾಡುವ ಫರ್ಮ್ ಒಂದರಲ್ಲಿದ್ದೇನೆ. ಕ್ರೌನ್ ಕೋರ್ಟಿನಲ್ಲಿ ವಾದಿಸುವ ಸನ್ನದೂ ಇದೆ. ಅಂದರೆ ನಿಮ್ಮ ಭಾವಮೈದನ ಲೆಕ್ಕದಲ್ಲಿ ಬ್ಯಾರಿಸ್ಟರ್‌ಗಳ ಹೊಟ್ಟೆ ಮೇಲೆ ಹೊಡೆದವರಲ್ಲಿ ನಾನೂ ಒಬ್ಬ. ಅದನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಅವರು ಹೇಳಿದ್ದು ಅರ್ಧ ನಿಜ. ಕೆಲಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದು ಹೌದು. ಆದರೆ ಕ್ರಿಮಿನಲ್ ಬಾರ್, ಅಂದರೆ ಬ್ಯಾರಿಸ್ಟರ್‌ಗಳ ಬಳಗ, ಸೊರಗಿದ್ದಕ್ಕೆ ಸಾಲಿಸಿಟರ್‌ಗಳ ದುರಾಸೆಯೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಸರ್ಕಾರ ಲೀಗಲ್ ಏಡ್ ದುಡ್ಡನ್ನು, ಅಂದರೆ ಆರೋಪಿಯ ಪರವಾಗಿ ವಕೀಲರಿಗೆ ತಾನೇ ಕೊಡುವ ಫೀಯನ್ನು, ಹಂಚುವ ರೀತಿ ಹೇಗಿತ್ತೆಂದರೆ, ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕುವ ಹಾಗಾಯಿತು. ಆಮೇಲೆ ತಟ್ಟೆಯಲ್ಲಿದ್ದದ್ದನ್ನೂ ಸರ್ಕಾರವೇ ಕಡಿಮೆ ಮಾಡಿತು.

ನಮ್ಮಲ್ಲಿ 1961ರ ಅಡ್ವೊಕೇಟ್ಸ್ ಕಾಯ್ದೆ ಬಂದು ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿತು. ಬಾಂಬೆ, ಕಲ್ಕತ್ತಾ ಹೈಕೋರ್ಟುಗಳ ಒರಿಜಿನಲ್ ಸೈಡಿನಲ್ಲಿ ಮಾತ್ರ ಅಟಾರ್ನಿ ಬೇರೆ, ವಾದಿಸುವ ಅಡ್ವೊಕೇಟ್ ಬೇರೆ ಅನ್ನುವ ಪದ್ಧತಿ 1976ರ ತಿದ್ದುಪಡಿಯವರೆಗೂ ಉಳಿದಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಪದ್ಧತಿ ಇವತ್ತಿಗೂ ಇದೆ. ಕಕ್ಷಿದಾರ ಬರುವುದು ಸಾಲಿಸಿಟರ್ ಹತ್ತಿರ. ಠಾಣೆಗೆ ಹೋಗುವುದು, ಸಾಕ್ಷಿಗಳನ್ನು ಹುಡುಕುವುದು, ಕೇಸಿನ ಕಟ್ಟು ತಯಾರು ಮಾಡುವುದು ಅವರ ಕೆಲಸ. ಕ್ರೌನ್ ಕೋರ್ಟ್ ಅಂದರೆ ನಮ್ಮ ಸೆಷನ್ಸ್ ಕೋರ್ಟ್ ಅಂದುಕೊಳ್ಳಿ, ಜೂರಿ ಇರುತ್ತದೆ ಅಷ್ಟೇ. ಅಲ್ಲಿ ಎದ್ದು ನಿಂತು ವಾದಿಸುವವರು ಬ್ಯಾರಿಸ್ಟರ್. ಅವರಿಗೆ ಕೇಸು ಕೊಡುವುದು ಸಾಲಿಸಿಟರ್. ಹೆಚ್ಚಿನ ಬ್ಯಾರಿಸ್ಟರ್‌ಗಳು ಯಾರ ನೌಕರರೂ ಅಲ್ಲ. ಚೇಂಬರ್ಸ್ ಅಂತ ಒಂದು ಕಡೆ ಹಲವರು ಸೇರಿ ಕೂರುತ್ತಾರೆ. ಬಾಡಿಗೆ, ಕ್ಲರ್ಕ್‌ಗಳ ಸಂಬಳ ಎಲ್ಲಾ ಹಂಚಿಕೊಳ್ಳುತ್ತಾರೆ. ಕೇಸು ಬಂದರೆ ಫೀ, ಬರದಿದ್ದರೆ ಇಲ್ಲ. ಪಿಂಚಣಿ, ಕಾಯಿಲೆ ರಜೆ, ಹೆರಿಗೆ ರಜೆಯ ಸಂಬಳ, ಇವು ಯಾವುವೂ ಇಲ್ಲ.

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಾಲಿಸಿಟರ್‌ಗಳು ಮುಂಚಿನಿಂದಲೂ ವಾದಿಸುತ್ತಿದ್ದರು. ಮೇಲಿನ ಕೋರ್ಟುಗಳು ಮಾತ್ರ ಬಾರ್‌ನ ಸ್ವತ್ತು. 1990ರ ಕೋರ್ಟ್ಸ್ ಅಂಡ್ ಲೀಗಲ್ ಸರ್ವಿಸಸ್ ಕಾಯ್ದೆ ಆ ಬೇಲಿ ಮುರಿಯಿತು. 1994ರಲ್ಲಿ ಮೊದಲ ಸಾಲಿಸಿಟರ್ ಅಡ್ವೊಕೇಟ್‌ಗಳು, ಅಂದರೆ ಮೇಲಿನ ಕೋರ್ಟಿನಲ್ಲೂ ವಾದಿಸುವ ಸನ್ನದು ಪಡೆದ ಸಾಲಿಸಿಟರ್‌ಗಳು, ಹೊರಬಂದರು. 1999ರ ಆಕ್ಸೆಸ್ ಟು ಜಸ್ಟಿಸ್ ಕಾಯ್ದೆ ದಾರಿಯನ್ನು ಇನ್ನೂ ಅಗಲ ಮಾಡಿತು. ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್‌ನ ಸಂಬಳದ ವಕೀಲರೂ ಮೇಲಿನ ಕೋರ್ಟುಗಳಲ್ಲಿ ನಿಲ್ಲುವಂತಾಯಿತು. ಇದನ್ನು ಜನ ಮರೆತುಬಿಡುತ್ತಾರೆ. ಬಾರ್ ಕೆಲಸ ಕಳೆದುಕೊಂಡಿದ್ದು ಡಿಫೆನ್ಸ್ ಕಡೆಯಿಂದ ಮಾತ್ರ ಅಲ್ಲ, ಸರ್ಕಾರಿ ಕಡೆಯಿಂದಲೂ. 2008ರಲ್ಲಿ ಸಾಲಿಸಿಟರ್‌ಗಳಿಗೆ ಬಿಳಿ ವಿಗ್ ಹಾಕಲೂ ಅನುಮತಿ ಸಿಕ್ಕಿತು. ಅದಕ್ಕಾದ ಗಲಾಟೆ ನೋಡಿದರೆ ಕಿರೀಟವೇ ಹೋಯಿತು ಅನ್ನಬೇಕು. ನನಗಂತೂ ಅದು ತಲೆ ಕೆರೆತದ ವಸ್ತು.

ಕಾನೂನು ಬದಲಾದ ತಕ್ಷಣ ಏನೂ ಆಗಲಿಲ್ಲ ಅನ್ನುವುದೇ ವಿಚಿತ್ರ. ಹತ್ತು ವರ್ಷ ಕಳೆದರೂ ಹೆಚ್ಚಿನ ಸಾಲಿಸಿಟರ್‌ಗಳು ಆ ಕಡೆ ತಲೆ ಹಾಕಲಿಲ್ಲ. 2014ರಲ್ಲಿ ಸರ್ ಬಿಲ್ ಜೆಫ್ರಿ ಕ್ರಿಮಿನಲ್ ಕೋರ್ಟಿನ ವಾದದ ಬಗ್ಗೆ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಪ್ರಕಾರ 2005-06ರಲ್ಲಿ ಆರೋಪ ಅಲ್ಲಗಳೆದ ಲೀಗಲ್ ಏಡ್ ಕೇಸುಗಳಲ್ಲಿ 100ಕ್ಕೆ 4ರಲ್ಲಿ ಮಾತ್ರ ಸಾಲಿಸಿಟರ್ ಅಡ್ವೊಕೇಟ್ ನಿಂತಿದ್ದರು. 2012-13ಕ್ಕೆ ಅದು 24 ಆಯಿತು. ತಪ್ಪೊಪ್ಪಿಕೊಂಡ ಕೇಸುಗಳಲ್ಲಿ 6 ಇದ್ದದ್ದು 40ಕ್ಕೆ ಏರಿತು. ಏಳೇ ವರ್ಷದಲ್ಲಿ ಇಷ್ಟು.

ಯಾಕೆ? ಫೀ ನೋಡಿ. ಲೀಗಲ್ ಏಡ್‌ನಲ್ಲಿ ಎರಡು ಫೀ ಇದೆ. ಕೇಸು ತಯಾರಿಸಿದ್ದಕ್ಕೆ ಒಂದು, ಅದು ಸಾಲಿಸಿಟರ್‌ಗೆ. ಕೋರ್ಟಿನಲ್ಲಿ ನಿಂತದ್ದಕ್ಕೆ ಇನ್ನೊಂದು, ಅದು ವಾದಿಸಿದವರಿಗೆ. 2006ರಲ್ಲಿ ಲೀಗಲ್ ಏಡ್ ಬಗ್ಗೆ ಲಾರ್ಡ್ ಕಾರ್ಟರ್ ವರದಿ ಬಂದ ಮೇಲೆ ವಾದದ ಫೀಯನ್ನು ಪರಿಷ್ಕರಿಸಿದರು, ಸಣ್ಣ ಟ್ರಯಲ್‌ಗಳಿಗೆ ಸ್ವಲ್ಪ ಏರಿಕೆಯೂ ಸಿಕ್ಕಿತು. 2008ರಲ್ಲಿ ಸಾಲಿಸಿಟರ್‌ಗಳ ತಯಾರಿ ಫೀಯನ್ನು ಹೊಸ ಸ್ಕೀಮಿಗೆ ತಂದರು. ಎಷ್ಟು ಗಂಟೆ ದುಡಿದೆ ಅನ್ನುವ ಲೆಕ್ಕ ಹೋಯಿತು. ಠಾಣೆಯಲ್ಲಿ ಕೂತಿದ್ದಕ್ಕೂ ಫಿಕ್ಸೆಡ್ ಫೀ ಬಂತು. ಬಹುತೇಕ ಕೇಸುಗಳಲ್ಲಿ ಒಂದು ಗಂಟೆ ಕೂತರೂ ಅಷ್ಟೇ, ಆರು ಗಂಟೆ ಕೂತರೂ ಅಷ್ಟೇ. ಸಣ್ಣ ಫರ್ಮ್‌ಗಳಿಗೆ ಉಸಿರು ಕಟ್ಟಿತು. ಬಾಗಿಲು ಹಾಕಬೇಕು, ಇಲ್ಲವೇ ಹೊಸ ಆದಾಯ ಹುಡುಕಬೇಕು. ಹೊಸ ಆದಾಯ ಎಲ್ಲಿದೆ? ಇಷ್ಟು ದಿನ ಹೊರಗೆ ಕಳಿಸುತ್ತಿದ್ದ ವಾದದ ಫೀಯಲ್ಲಿ. ಸಂಬಳಕ್ಕೆ ಒಬ್ಬ ಅಡ್ವೊಕೇಟ್ ಇಟ್ಟುಕೊಂಡರೆ ಎರಡೂ ಫೀ ಒಂದೇ ಗಲ್ಲಾಕ್ಕೆ ಬೀಳುತ್ತದೆ.

ದುಡ್ಡಿನ ಲೆಕ್ಕ ಇಷ್ಟೇ. ಆದರೆ ಸುಮ್ನೆ ದುಡ್ಡು ಅಂತ ಹೇಳಿ ಮುಗಿಸಿದರೆ ಅನ್ಯಾಯ. ಒಂದು ಕೇಸು ಹೀಗಿದೆ ಅಂದುಕೊಳ್ಳಿ. ರಾತ್ರಿ ಎರಡು ಗಂಟೆ. ಹತ್ತೊಂಬತ್ತು ವರ್ಷದ ಹುಡುಗ, ಮನೆ ನುಗ್ಗಿ ಕದ್ದ ಆರೋಪ. ಠಾಣೆಯಲ್ಲಿ ವಕೀಲರ ಸಲಹೆ ಪುಕ್ಕಟೆ ಸಿಗಬೇಕು, 1984ರ ಕಾಯ್ದೆ ಕೊಟ್ಟ ಹಕ್ಕು ಅದು. ಸರದಿಯಲ್ಲಿರುವ ಸಾಲಿಸಿಟರ್ ಎದ್ದು ಹೋಗುತ್ತಾಳೆ. ಹುಡುಗ ನಡುಗುತ್ತಿದ್ದಾನೆ, ತಾಯಿಗೆ ಗೊತ್ತಾಗಬಾರದು ಅಂತ ಅಳುತ್ತಿದ್ದಾನೆ. ಪೊಲೀಸರ ಪ್ರಶ್ನೆಗೆ ಉತ್ತರ ಕೊಡಬೇಕಾ ಬೇಡವಾ ಅನ್ನುವುದನ್ನು ಆಗಲೇ ತೀರ್ಮಾನಿಸಬೇಕು. ಇಲ್ಲಿ 1994ರ ಕಾಯ್ದೆ ಬಂದ ಮೇಲೆ ಕಾನೂನು ಬೇರೆ. ಬಾಯಿ ಮುಚ್ಚಿಕೊಂಡಿದ್ದನ್ನೂ ಜೂರಿ ಅವನ ವಿರುದ್ಧ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅವಳು ಯೋಚಿಸಿ, ಮಾತಾಡಬೇಡ ಅನ್ನುತ್ತಾಳೆ. ಮುಂದೆ ಕೇಸು ಕ್ರೌನ್ ಕೋರ್ಟಿಗೆ ಹೋಗುತ್ತದೆ. ನಿನ್ನ ಪರ ಒಬ್ಬ ಬ್ಯಾರಿಸ್ಟರ್ ವಾದಿಸುತ್ತಾರೆ ಅಂದರೆ ಹುಡುಗ ಕೇಳುವುದು ಒಂದೇ: ‘ನೀವೇ ಯಾಕೆ ನಿಲ್ಲಬಾರದು?’ ಅವನಿಗೆ ಗೊತ್ತಿರುವ ಮುಖ ಅವಳದೊಂದೇ. ಬ್ಯಾರಿಸ್ಟರ್ ಬಂದರೂ ಬೆಳಿಗ್ಗೆ ಒಂಬತ್ತೂವರೆಗೆ ಬಂದು, ಸೆಲ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿ, ಹತ್ತೂವರೆಗೆ ಕೋರ್ಟಿಗೆ ಏರುತ್ತಾರೆ. ಕೆಲವು ಸಲ ಆ ಕಟ್ಟು ಅವರ ಕೈಗೆ ಸಿಕ್ಕಿದ್ದೇ ಹಿಂದಿನ ದಿನ ಸಂಜೆ ಐದಕ್ಕೆ. ಮೊದಲು ಒಪ್ಪಿಕೊಂಡಿದ್ದ ಬ್ಯಾರಿಸ್ಟರ್‌ನ ಇನ್ನೊಂದು ಟ್ರಯಲ್ ಎಳೆದಿರುತ್ತದೆ, ಕ್ಲರ್ಕ್ ಓಡಾಡಿ ಇವರನ್ನು ಹುಡುಕಿರುತ್ತಾನೆ. ಇಲ್ಲಿ ಅದಕ್ಕೆ ‘ರಿಟರ್ನ್’ ಅನ್ನುತ್ತಾರೆ. ಅಂಥ ಕಡೆ ಠಾಣೆಯಿಂದ ಜೊತೆಗಿದ್ದ ಸಾಲಿಸಿಟರ್ ವಾದಿಸಿದರೆ ಕಕ್ಷಿದಾರನಿಗೆ ಒಳ್ಳೆಯದೇ ಅಲ್ವಾ?

ಒಳ್ಳೆಯದೇ, ಆ ಸಾಲಿಸಿಟರ್‌ಗೆ ಟ್ರಯಲ್ ನಡೆಸಲು ಬಂದರೆ. ಬಾರ್‌ನ ನಿಜವಾದ ದೂರು ಇರುವುದು ಅಲ್ಲಿ, ಮತ್ತು ಅದರಲ್ಲಿ ಹುರುಳಿದೆ. ಜೆಫ್ರಿ ವರದಿಯಲ್ಲೇ ಇದೆ: ಬ್ಯಾರಿಸ್ಟರ್ ಕೋರ್ಟಿಗೆ ಇಳಿಯುವ ಮುಂಚೆ ವಾದದ ತರಬೇತಿಗೇ 120 ದಿನ ಕಳೆದಿರುತ್ತಾರೆ. ಸಾಲಿಸಿಟರ್ 22 ಗಂಟೆಗಳ ತರಬೇತಿ ಮುಗಿಸಿ ಕ್ರೌನ್ ಕೋರ್ಟಿನಲ್ಲಿ ನಿಲ್ಲಬಹುದಿತ್ತು. ದಿನಕ್ಕೂ ಗಂಟೆಗೂ ಇರುವ ಅಂತರ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಫರ್ಮ್‌ನಲ್ಲಿ ಕೂತು ವಾದಿಸಲು ಕಲಿತವರಲ್ಲಿ ಅದ್ಭುತ ಅಡ್ವೊಕೇಟ್‌ಗಳಿದ್ದಾರೆ, ನಾನೇ ಕೂತು ನೋಡಿ ಕಲಿತಿದ್ದೇನೆ. ಪಾಟೀಸವಾಲಿನಲ್ಲಿ ಸಾಕ್ಷಿಗೆ ‘ಯಾಕೆ?’ ಅಂತ ಕೇಳಿ ತನ್ನ ಕೇಸನ್ನು ತಾನೇ ಮುಗಿಸಿಕೊಂಡವರೂ ಇದ್ದಾರೆ. ಹಾಗೆ ನೋಡಿದರೆ ಎರಡನೆಯ ಜಾತಿ ಬಾರ್‌ನಲ್ಲೂ ಕಡಿಮೆ ಇಲ್ಲ. 2018ರಲ್ಲಿ 50 ನ್ಯಾಯಾಧೀಶರನ್ನು ಮಾತಾಡಿಸಿ ಮಾಡಿದ ಒಂದು ಅಧ್ಯಯನ ಬಂತು. ಒಟ್ಟಾರೆ ಗುಣಮಟ್ಟ ಪರವಾಗಿಲ್ಲ ಅಂದರು. ಆದರೆ ತಮ್ಮ ಅನುಭವಕ್ಕೆ ಮೀರಿದ ಕೇಸು ಹಿಡಿದು ಬರುವವರ ಬಗ್ಗೆ ಬೇಸರ ತೋಡಿಕೊಂಡರು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಈ ದೇಶದಲ್ಲಿ ಮೊದಲ ಹಂತದಲ್ಲೇ ತಪ್ಪೊಪ್ಪಿಕೊಂಡರೆ ಶಿಕ್ಷೆಯಲ್ಲಿ ಮೂರನೇ ಒಂದು ಭಾಗ ಕಡಿತ. ತಡ ಮಾಡಿದಷ್ಟೂ ಆ ಕಡಿತ ಕರಗುತ್ತದೆ. ಹಾಗಾಗಿ ಒಪ್ಪಿಕೊಳ್ಳಲಾ, ಹೋರಾಡಲಾ ಅನ್ನುವುದಕ್ಕೆ ಸಿಗುವ ಸಲಹೆಯೇ ಎಷ್ಟೋ ಕೇಸುಗಳ ಹಣೆಬರಹ. ಟ್ರಯಲ್ ನಡೆಸಲು ಬಾರದ ಅಡ್ವೊಕೇಟ್ ‘ಒಪ್ಪಿಕೊಂಡುಬಿಡು’ ಅಂದರೆ, ಅದು ಸಾಕ್ಷ್ಯ ನೋಡಿ ಹೇಳಿದ್ದಾ, ಅಳುಕಿನಿಂದ ಹೇಳಿದ್ದಾ? ಕಕ್ಷಿದಾರನಿಗೆ ಹೇಗೆ ಗೊತ್ತಾಗಬೇಕು? ಬ್ಯಾರಿಸ್ಟರ್‌ಗೆ ಹೊರಗಿನವರಾಗಿ ನಿಂತು ‘ಪ್ರಾಸಿಕ್ಯೂಷನ್ ಕೇಸಿನಲ್ಲಿ ಹುರುಳಿಲ್ಲ, ಹೋರಾಡೋಣ’ ಅನ್ನುವ ಸ್ವಾತಂತ್ರ್ಯವಿತ್ತು. ಫರ್ಮ್‌ನ ಸಂಬಳದ ಅಡ್ವೊಕೇಟ್‌ಗೆ ಆ ಸ್ವಾತಂತ್ರ್ಯ ಇಲ್ಲವೇ ಇಲ್ಲ ಅನ್ನಲಾರೆ. ಆದರೆ ಒತ್ತಡ ಇದೆ. ನಿಮ್ಮೂರಿನ ಅಡಿಕೆ ಮಂಡಿಯಲ್ಲಿ ದಲ್ಲಾಳಿಯೇ ಖರೀದಿದಾರನೂ ಆದರೆ ರೈತನ ಪಾಡೇನು? ಯಾರು ವಾದಿಸಬೇಕು ಅಂತ ಕಕ್ಷಿದಾರನಿಗೆ ಸಲಹೆ ಕೊಡುವ ಫರ್ಮ್, ತನ್ನದೇ ಅಡ್ವೊಕೇಟನ್ನು ಮುಂದೆ ಮಾಡಿದಾಗಲೂ ಅದೇ ಪ್ರಶ್ನೆ ಏಳುತ್ತದೆ. ಇನ್ನೂ ಕೆಟ್ಟದ್ದು ರೆಫರಲ್ ಫೀ, ಅಂದರೆ ಕೇಸು ಕೊಟ್ಟಿದ್ದಕ್ಕೆ ಕಮಿಷನ್. ನಿಯಮದಲ್ಲಿ ನಿಷಿದ್ಧ. ಆದರೂ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತದೆ ಅನ್ನುವ ದೂರು ಹಳೆಯದು. 2015ರಲ್ಲಿ ಕಾನೂನು ಸಚಿವಾಲಯವೇ ಈ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು.

ಕ್ರಿಮಿನಲ್ ಕೇಸು ವಾದಿಸುವ ಎಲ್ಲ ಅಡ್ವೊಕೇಟ್‌ಗಳಿಗೂ ಗ್ರೇಡು ಕೊಡುವ ‘ಕ್ವಾಸಾ’ ಅನ್ನುವ ಯೋಜನೆಯೊಂದು ಬಂತು. ನ್ಯಾಯಾಧೀಶರು ಅಂಕ ಹಾಕಬೇಕು, ಅದರ ಮೇಲೆ ಯಾರು ಯಾವ ಮಟ್ಟದ ಕೇಸು ಹಿಡಿಯಬಹುದು ಅಂತ ನಿರ್ಧಾರ. ಬ್ಯಾರಿಸ್ಟರ್‌ಗಳು ಸುಪ್ರೀಂ ಕೋರ್ಟಿನವರೆಗೆ ಹೋದರು. ‘ಅಂಕ ಹಾಕುವ ನ್ಯಾಯಾಧೀಶರ ಎದುರು ಕಕ್ಷಿದಾರನಿಗಾಗಿ ಗಟ್ಟಿಯಾಗಿ ನಿಲ್ಲುವುದು ಹೇಗೆ?’ ಅನ್ನುವುದು ಅವರ ಒಂದು ಮುಖ್ಯ ವಾದ. 2015ರಲ್ಲಿ ಅವರು ಸೋತರು. ಆದರೂ ಯೋಜನೆ ಜಾರಿಗೇ ಬರಲಿಲ್ಲ, 2017ರಲ್ಲಿ ಕೈಬಿಟ್ಟರು. ಇಷ್ಟು ವರ್ಷದ ಗುದ್ದಾಟಕ್ಕೆ ಸಿಕ್ಕ ಫಲ ಸೊನ್ನೆ.

ಈಗ ಮಗಳಿಗೆ ನೇರವಾಗಿ ತಾಗುವ ವಿಷಯ. ಸಾಲಿಸಿಟರ್‌ಗಳು ಎತ್ತಿಕೊಂಡಿದ್ದು ಯಾವ ಕೆಲಸ? ಕೊಲೆ ಕೇಸಲ್ಲ, ದೊಡ್ಡ ವಂಚನೆ ಕೇಸಲ್ಲ. ಅವು ಇವತ್ತಿಗೂ ಹೆಚ್ಚಾಗಿ ಬಾರ್ ಕೈಯಲ್ಲೇ ಇವೆ. ಹೋಗಿದ್ದು ಸಣ್ಣ ಕೆಲಸ. ತಪ್ಪೊಪ್ಪಿಗೆ, ಶಿಕ್ಷೆಯ ಹಿಯರಿಂಗ್, ಜಾಮೀನು, ಎರಡು ದಿನದ ಹೊಡೆದಾಟದ ಟ್ರಯಲ್. ಫರ್ಮ್‌ನ ಅಡ್ವೊಕೇಟ್ ಒಂದೇ ಬೆಳಿಗ್ಗೆ ಒಂದೇ ಕೋರ್ಟಿನಲ್ಲಿ ತನ್ನ ಫರ್ಮ್‌ನ ನಾಲ್ಕೈದು ಕಕ್ಷಿದಾರರಿಗೆ ನಿಂತರೆ ಫರ್ಮ್‌ಗೆ ಲೆಕ್ಕ ಕೂಡಿಬರುತ್ತದೆ. ಅದೇ ಒಂದು ಹಿಯರಿಂಗ್‌ಗೆ ಜೂನಿಯರ್ ಬ್ಯಾರಿಸ್ಟರ್ ಲಂಡನ್ನಿನಿಂದ ರೈಲು ಹತ್ತಿ ಬಂದರೆ? 2018ರ ಫೀ ಸ್ಕೀಮಿನಲ್ಲಿ ಸಾಮಾನ್ಯ ಹಾಜರಾತಿಗೆ ಫೀ 90 ಪೌಂಡಿನ ಆಸುಪಾಸು ಇತ್ತು. ಅದರಲ್ಲಿ ರೈಲು ಚಾರ್ಜು, ಚೇಂಬರ್ಸ್ ಪಾಲು, ತೆರಿಗೆ ಕಳೆಯಿರಿ. ಮೇಲಾಗಿ ‘ಫ್ಲೋಟರ್’ ಅಂತ ಒಂದಿದೆ. ಟ್ರಯಲ್‌ಗೆ ದಿನ ಕೊಟ್ಟಿರುತ್ತಾರೆ, ಕೋರ್ಟ್ ಹಾಲ್ ಕೊಟ್ಟಿರುವುದಿಲ್ಲ. ಯಾವುದಾದರೂ ಹಾಲ್ ಖಾಲಿಯಾದರೆ ಶುರು. ಆಗದಿದ್ದರೆ ಸಾಕ್ಷಿಗಳು, ಆರೋಪಿ, ವಕೀಲರು ಎಲ್ಲರೂ ಸಂಜೆ ಮನೆಗೆ. ಮುಂದಿನ ತಾರೀಖು ಬರುವ ವರ್ಷ.

ನೀವೂ ನಾನೂ ಕೆಲಸ ಕಲಿತದ್ದು ಸೀನಿಯರ್ ಬಿಟ್ಟುಕೊಟ್ಟ ಜಾಮೀನು ಅರ್ಜಿಗಳಲ್ಲೇ. ಅಂಥ ಕೆಲಸವೇ ಇಲ್ಲದಿದ್ದರೆ ಹತ್ತು ವರ್ಷ ಆದಮೇಲೆ ಕೊಲೆ ಕೇಸು ಹಿಡಿಯುವ ಕೈ ಎಲ್ಲಿಂದ ಬರಬೇಕು? ಇಬ್ಬರು ಅಡ್ವೊಕೇಟ್‌ಗಳಿಗೆ ಅನುಮತಿ ಇರುವ ದೊಡ್ಡ ಕೇಸುಗಳಲ್ಲೂ ಎರಡನೇ ಕುರ್ಚಿಗೆ ಫರ್ಮ್‌ಗಳು ತಮ್ಮವರನ್ನೇ ಕೂರಿಸುತ್ತವೆ, ಹೆಸರಿಗಷ್ಟೇ ಜೂನಿಯರ್ ಅನ್ನುವ ಕೊರಗು ಬಾರ್‌ನಲ್ಲಿದೆ. ನಮ್ಮವರು ಒಪ್ಪಲಿ ಬಿಡಲಿ, ಸಾಲಿಸಿಟರ್ ವಾದದಿಂದ ಆದ ದೊಡ್ಡ ನಷ್ಟ ಅಂದರೆ ನನ್ನ ಪ್ರಕಾರ ಇದೇ. ಸೀನಿಯರ್‌ಗಳಿಗೆ ಏನೂ ಆಗಲಿಲ್ಲ, ಏಣಿಯ ಕೆಳಗಿನ ಮೆಟ್ಟಿಲು ಹೋಯಿತು.

ಜೊತೆಗೆ ಕಡಿತ. 2013ರಲ್ಲಿ ತುಂಬಾ ದೊಡ್ಡ ಕೇಸುಗಳ ಫೀಯನ್ನು ಶೇಕಡಾ 30 ಇಳಿಸಿದರು. ಬ್ಯಾರಿಸ್ಟರ್‌ಗಳು ಅಂಥ ಕೇಸು ಮುಟ್ಟುವುದಿಲ್ಲ ಅಂದರು. 2014ರ ಮೇ 1ರಂದು ಲಂಡನ್ನಿನ ಸದಕ್ ಕ್ರೌನ್ ಕೋರ್ಟಿನಲ್ಲಿ ಒಂದು ವಂಚನೆ ಕೇಸನ್ನು ನ್ಯಾಯಾಧೀಶರು ನಿಲ್ಲಿಸಿಯೇಬಿಟ್ಟರು, ಆರೋಪಿಗಳಿಗೆ ವಾದಿಸುವವರೇ ಸಿಗಲಿಲ್ಲ ಅಂತ. ಆ ಕೋರಿಕೆಯನ್ನು ಫೀ ಇಲ್ಲದೆ ಮಂಡಿಸಿದವರು ಅಲೆಗ್ಸಾಂಡರ್ ಕ್ಯಾಮರಾನ್. ಆಗಿನ ಪ್ರಧಾನಿಯ ಸ್ವಂತ ಅಣ್ಣ! ಅದೇ ತಿಂಗಳಲ್ಲಿ ಮೇಲ್ಮನವಿ ಕೋರ್ಟ್ ಆ ಆದೇಶ ರದ್ದು ಮಾಡಿತು. ಆದರೂ ಸರ್ಕಾರಕ್ಕೆ ಬಿಸಿ ಮುಟ್ಟಿತು.

2021ರ ಕೊನೆಗೆ ಲೀಗಲ್ ಏಡ್ ಬಗ್ಗೆ ಸರ್ ಕ್ರಿಸ್ಟಫರ್ ಬೆಲಾಮಿ ವರದಿ ಬಂತು. ಕ್ರಿಮಿನಲ್ ಬ್ಯಾರಿಸ್ಟರ್‌ಗಳಿಗೆ ಮೊದಲ ಮೂರು ವರ್ಷ ಖರ್ಚು ಕಳೆದು ಉಳಿಯುವುದು ವರ್ಷಕ್ಕೆ ಸುಮಾರು 12,200 ಪೌಂಡ್ ಅಂತ ಆಗ ಅವರ ಸಂಘ ಹೇಳಿತು. ರೂಪಾಯಿಗೆ ಬದಲಿಸಿ ಹತ್ತು ಲಕ್ಷದ ಮೇಲೆ ಅಂತ ಖುಷಿಪಡಬೇಡಿ, ಲಂಡನ್ನಿನಲ್ಲಿ ಅದು ಒಂದು ರೂಮಿನ ಬಾಡಿಗೆಗೇ ಹೋಗುತ್ತದೆ. ಫೀಯನ್ನು ಕನಿಷ್ಠ ಶೇಕಡಾ 15 ಏರಿಸಿ, ತಡ ಮಾಡಬೇಡಿ ಅಂದರು ಬೆಲಾಮಿ. ಸರ್ಕಾರ ತಡ ಮಾಡಿತು. 2022ರ ಏಪ್ರಿಲ್‌ನಲ್ಲಿ ಬ್ಯಾರಿಸ್ಟರ್‌ಗಳು ರಿಟರ್ನ್ ಕೇಸು ತೆಗೆದುಕೊಳ್ಳುವುದು ಬಿಟ್ಟರು. ಜೂನ್ 27ರಿಂದ ಕೋರ್ಟಿನಿಂದ ಹೊರಗೆ ನಿಂತರು. ಸೆಪ್ಟೆಂಬರ್‌ನಲ್ಲಿ ಅನಿರ್ದಿಷ್ಟಾವಧಿ ಮುಷ್ಕರ. ಕೇಳಿದ್ದು ಶೇಕಡಾ 25. ಸಿಕ್ಕಿದ್ದು 15, ಮೇಲಷ್ಟು ಸೌಲಭ್ಯ. ಅಕ್ಟೋಬರ್ 10ರಂದು ಶೇಕಡಾ 57 ಮಂದಿ ಒಪ್ಪಿ ಮುಷ್ಕರ ಮುಗಿಯಿತು. ನಿಮ್ಮ ಭಾವಮೈದ ಹೇಳಿದ ಮುಷ್ಕರ ಇದೇ. ಜಗಳ ಇದ್ದದ್ದು ಸರ್ಕಾರದ ಜೊತೆ, ನಮ್ಮ ಜೊತೆ ಅಲ್ಲ.

ಆದರೆ ಆ 15 ನಮಗೆ ಬರಲಿಲ್ಲ! ಸಾಲಿಸಿಟರ್‌ಗಳಿಗೆ ಅಷ್ಟು ಕೊಡಲಿಲ್ಲ. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಹೈಕೋರ್ಟ್, ಸರ್ಕಾರದ ಆ ತೀರ್ಮಾನ ತರ್ಕಕ್ಕೆ ನಿಲ್ಲುವುದಿಲ್ಲ ಅಂದಿತು. ಅಷ್ಟರಲ್ಲಿ ಸರದಿ ಸಾಲಿಸಿಟರ್‌ಗಳ ಸಂಖ್ಯೆ ಇಳಿಯುತ್ತಲೇ ಇತ್ತು. ಹೊಸ ಹುಡುಗರು ಈ ಕಡೆ ಬರುತ್ತಿಲ್ಲ, ಇರುವವರಿಗೆ ವಯಸ್ಸಾಗುತ್ತಿದೆ. ಇದು ಇಡೀ ಕತೆಯ ತಮಾಷೆ. ಹದಿನೈದು ವರ್ಷ ಹಿಂದೆ ಕೆಲಸ ಕಡಿಮೆ, ಕೈ ಜಾಸ್ತಿ ಅಂತ ಕಿತ್ತಾಡಿದೆವು. ಈಗ ಕೆಲಸ ಬೆಟ್ಟದಷ್ಟಿದೆ, ಕೈಗಳೇ ಇಲ್ಲ. ಕ್ರೌನ್ ಕೋರ್ಟಿನಲ್ಲಿ ಬಾಕಿ ಕೇಸು 2019ರ ಕೊನೆಗೆ 40,000ದ ಒಳಗಿತ್ತು. 2025ಕ್ಕೆ 75,000 ದಾಟಿತು. ಪ್ರಾಸಿಕ್ಯೂಷನ್‌ಗೋ ಡಿಫೆನ್ಸ್‌ಗೋ ವಕೀಲರು ಸಿಗಲಿಲ್ಲ ಅಂತ ಟ್ರಯಲ್ ಮುಂದಕ್ಕೆ ಹೋಗುವುದು ಈಗ ಸುದ್ದಿಯೇ ಅಲ್ಲ. ಮುಖ್ಯವಾಗಿ ಅತ್ಯಾಚಾರದ ಕೇಸುಗಳಲ್ಲಿ.

ಹಾಗಾದರೆ ಮಗಳು ಏನು ಮಾಡಬೇಕು? ನಾನು ಬೇಡ ಅನ್ನುವುದಿಲ್ಲ. ಐದು ವರ್ಷ ತಡೆದುಕೊಳ್ಳುವ ಶಕ್ತಿ ಇದೆಯಾ ಅಂತ ಕೇಳಿಕೊಳ್ಳಿ. ಶಕ್ತಿ ಅಂದರೆ ದುಡ್ಡೂ ಸೇರಿತು. ಡಿಗ್ರಿ ಮುಗಿದ ಮೇಲೆ ಬಾರ್ ಕೋರ್ಸಿಗೆ ಸುಲಭವಾಗಿ 13,000 ಪೌಂಡ್ ಮೇಲೆ ಬೇಕು. ಆಮೇಲೆ ಒಂದು ವರ್ಷ ಪ್ಯೂಪಿಲೇಜ್. ನಿಮ್ಮ ಕಡೆಯ ಜೂನಿಯರ್‌ಶಿಪ್ ಹಾಗೆ, ಆದರೆ ಸೀಟು ತೀರಾ ಕಡಿಮೆ. ವರ್ಷಕ್ಕೆ ಐನೂರು ಆರುನೂರು ಸೀಟು, ಅರ್ಜಿ ಅದರ ಹಲವು ಪಟ್ಟು. ಸಿಕ್ಕಿದರೆ ಆ ವರ್ಷ 20,000 ಪೌಂಡ್ ಮೇಲೆ ಕೊಡಲೇಬೇಕೆಂಬ ನಿಯಮ ಇದೆ, ಅದೊಂದು ಸಮಾಧಾನ. ‘ಇನ್’ ಅನ್ನುವ ಬ್ಯಾರಿಸ್ಟರ್‌ಗಳ ಹಳೆಯ ಸಂಘಗಳು ನಾಲ್ಕಿವೆ, ಅವುಗಳಲ್ಲಿ ಯಾವುದಾದರೊಂದಕ್ಕೆ ಸೇರಲೇಬೇಕು. ಗಾಂಧಿ ಸೇರಿದ್ದು ಇನ್ನರ್ ಟೆಂಪಲ್, ಅಂಬೇಡ್ಕರ್ ಸೇರಿದ್ದು ಗ್ರೇಸ್ ಇನ್, ಅವೇ. ಈ ಇನ್‌ಗಳು ದೊಡ್ಡ ಮೊತ್ತದ ಸ್ಕಾಲರ್‌ಶಿಪ್ ಕೊಡುತ್ತವೆ. ಅರ್ಜಿ ಹಾಕದೆ ಬಾರ್ ಕೋರ್ಸಿಗೆ ಸಾಲ ಮಾಡುವುದು ಬೇಡ.

ಇನ್ನೊಂದು ದಾರಿ ನಮ್ಮದು. ಸಾಲಿಸಿಟರ್ ಆಗಿ, ಠಾಣೆ ಮತ್ತು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೈ ಪಳಗಿಸಿ, ಆಮೇಲೆ ಮೇಲಿನ ಕೋರ್ಟಿನಲ್ಲಿ ವಾದಿಸುವ ಹಕ್ಕಿಗಾಗಿ ಹೈಯರ್ ರೈಟ್ಸ್ ಪರೀಕ್ಷೆ ಬರೆಯುವುದು. ತಿಂಗಳ ಸಂಬಳ ಇರುತ್ತದೆ, ದೊಡ್ಡದಲ್ಲ. ಕಕ್ಷಿದಾರನ ಜೊತೆ ಮೊದಲ ದಿನದಿಂದ ಇರುವುದು ಇಷ್ಟವಿದ್ದರೆ ಇದೇ ಸರಿ. ಆದರೆ ಅವಳಿಗೆ ಬೇಕಾಗಿರುವುದು ಜೂರಿ ಮುಂದಿನ ಪಾಟೀಸವಾಲೇ ಆಗಿದ್ದರೆ, ದಿನವಿಡೀ ಅದನ್ನೇ ಮಾಡಲು ಬಿಡುವ ಜಾಗ ಇವತ್ತಿಗೂ ಬಾರ್. ನನ್ನ ಮಗಳಾಗಿದ್ದರೆ ಕೈಯಲ್ಲಿ ಸ್ಕಾಲರ್‌ಶಿಪ್ ಇದ್ದರೆ ಬಾರ್ ಅಂತಿದ್ದೆ, ಇಲ್ಲದಿದ್ದರೆ ಸಾಲಿಸಿಟರ್ ಅಂತಿದ್ದೆ. ಬ್ಯಾರಿಸ್ಟರ್ ಆದಮೇಲೆ ಸಾಲಿಸಿಟರ್ ಆಗುವುದಕ್ಕೂ, ಸಾಲಿಸಿಟರ್ ಆದಮೇಲೆ ಬಾರ್‌ಗೆ ಹೋಗುವುದಕ್ಕೂ ಬಾಗಿಲು ತೆರೆದೇ ಇದೆ.

ತೀರ್ಮಾನಕ್ಕೆ ಮುಂಚೆ ಅವಳು ಬರ್ಮಿಂಗ್‌ಹ್ಯಾಮ್ ಕ್ರೌನ್ ಕೋರ್ಟಿನ ಪಬ್ಲಿಕ್ ಗ್ಯಾಲರಿಯಲ್ಲಿ ಒಂದು ವಾರ ಕೂರಲಿ. ಪುಕ್ಕಟೆ, ಯಾರ ಶಿಫಾರಸ್ಸೂ ಬೇಡ. ಒಂದು ಟ್ರಯಲ್ ಪೂರ್ತಿ ನೋಡಲಿ, ಬೆಳಿಗ್ಗೆಯ ಸಣ್ಣ ಹಿಯರಿಂಗ್‌ಗಳನ್ನೂ ನೋಡಲಿ. ರಜೆಯಲ್ಲಿ ಒಂದು ಕ್ರಿಮಿನಲ್ ಚೇಂಬರ್ಸ್‌ನಲ್ಲಿ ಮಿನಿ ಪ್ಯೂಪಿಲೇಜ್ (ಕೆಲವು ದಿನ ಬ್ಯಾರಿಸ್ಟರ್ ಜೊತೆಗಿದ್ದು ಕೆಲಸ ನೋಡುವುದು), ಒಂದು ಫರ್ಮ್‌ನಲ್ಲಿ ಕೆಲವು ದಿನ, ಎರಡೂ ಮಾಡಲಿ. ಎರಡೂ ಕಡೆ ‘ನಿಮ್ಮ ಅತಿ ಕಿರಿಯ ಅಡ್ವೊಕೇಟ್ ಕಳೆದ ತಿಂಗಳು ಎಷ್ಟು ಟ್ರಯಲ್ ನಡೆಸಿದರು?’ ಅಂತ ಕೇಳಲಿ. ಪ್ಯೂಪಿಲೇಜ್ ಜಾಹೀರಾತುಗಳು ನವೆಂಬರ್ ಕೊನೆಗೆ ಬರುತ್ತವೆ, ಅರ್ಜಿ ಜನವರಿಯಲ್ಲಿ, ಉತ್ತರ ಮೇ ತಿಂಗಳಲ್ಲಿ. ಇನ್‌ಗಳ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ ಮೊದಲ ವಾರದಲ್ಲೇ ಮುಗಿದಿರುತ್ತದೆ, ಅದನ್ನು ಮಾತ್ರ ಈಗಲೇ ಡೈರಿಯಲ್ಲಿ ಬರೆದುಕೊಳ್ಳಲು ಹೇಳಿ.